ನುಲಿಯ ಚಂದಯ್ಯನ ಹಗ್ಗವೂ ಕಣ್ಣಿಗೆ ಕಾಣದ ಸಂತೆಯೂ



ಹನ್ನೆರಡನೆಯ ಶತಮಾನದ ಶಿವಶರಣರು ಲೋಕಕ್ಕೆ ಇತ್ತ ಕಾಣಿಕೆಗಳಲ್ಲಿ ಕಾಯಕತತ್ತ್ವವು ಶಿರೋಮಣಿಯಂತಿರುವುದೆಂಬುದು ಸರ್ವವಿದಿತವಾದ ವಿಷಯ. ಹೊಟ್ಟೆಯ ಪಾಡಿಗಾಗಿ ಮಾಡುವ ದುಡಿಮೆಯೆಲ್ಲವೂ ಕಾಯಕವಾಗಲಾರದು. ಮಾಡುವವನ ಮನಸ್ಸು ಶುದ್ಧವಾಗಿರಬೇಕು. ಮಾಡಿದ ಕೆಲಸವು ಮತ್ತೊಬ್ಬರಿಗೆ ಹಿತವಾಗಿರಬೇಕು. ಬಂದ ಫಲದಲ್ಲಿ ನ್ಯಾಯವಾಗಿ ಸಲ್ಲತಕ್ಕಷ್ಟನ್ನೇ ಸ್ವೀಕರಿಸಿ, ಅದನ್ನೂ ದಾಸೋಹಬುದ್ಧಿಯಿಂದ ಅನುಭವಿಸಬೇಕು. ಈ ಮೂರೂ ಕೂಡಿದಲ್ಲಿ ಮಾತ್ರ ದುಡಿಮೆಯು ಕಾಯಕವೆನಿಸುವುದು. ಅಂಬಿಗನು ದೋಣಿಯ ಹುಟ್ಟಿನಲ್ಲಿ, ಮಡಿವಾಳನು ಬಟ್ಟೆಯ ಬಂಡೆಯಲ್ಲಿ, ಮೇದಾರನು ಬಿದಿರಿನ ಸೀಳಿನಲ್ಲಿ ಶಿವನನ್ನು ಕಂಡುದು ಈ ಶುದ್ಧಿಯ ಬಲದಿಂದಲೇ.

ಆದರೆ ಕಾಲವು ಹೊಸ ಹೊಸ ದುಡಿಮೆಗಳನ್ನು ತಂದೊಡ್ಡುತ್ತದೆ. ಇಂದು ಸಾವಿರಾರು ತರುಣರು ಕಂಪ್ಯೂಟರುಗಳ ಮುಂದೆ ಕುಳಿತು, ಕೈಯಿಂದ ಮುಟ್ಟಲಾಗದ ಒಂದು ಬಗೆಯ ಸಂತೆಗಳನ್ನು ಕಟ್ಟುತ್ತಿದ್ದಾರೆ. ಅವುಗಳಿಗೆ ಡಿಜಿಟಲ್ ವೇದಿಕೆಗಳೆಂದು ಹೆಸರು. ಅಲ್ಲಿ ಸರಕು ಮಾರಾಟವಾಗುತ್ತದೆ, ಹಣ ಕೈಬದಲಾಗುತ್ತದೆ, ಸುದ್ದಿ ಹರಡುತ್ತದೆ, ಸ್ನೇಹ ಬೆಳೆಯುತ್ತದೆ, ವೈರವೂ ಹುಟ್ಟುತ್ತದೆ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತ ಮೂರನೆಯವನ ಮುಖವು ಮಾತ್ರ ಯಾರಿಗೂ ಕಾಣಿಸದು. ಹೀಗೆ ಮರೆಯಲ್ಲಿದ್ದು ನಡೆಸುವ ಈ ಮಧ್ಯಸ್ಥಿಕೆಗೆ ಶರಣರ ಕಾಯಕಧರ್ಮವು ಅನ್ವಯಿಸುವುದೇ? ಅನ್ವಯಿಸುವುದಾದರೆ ಅದರ ಭಾರವನ್ನು ಹೊರತಕ್ಕವರು ಯಾರು? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ದೂರದ ಉದಾಹರಣೆಗಳನ್ನು ಅರಸಬೇಕಾದ ಅಗತ್ಯವಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿಯೇ ಇದಕ್ಕೆ ಸಾಕಷ್ಟು ನಿದರ್ಶನವುಂಟು. ಕಲ್ಪತರು ನಾಡೆಂದು ಹೆಸರಾದ ಈ ಭಾಗದ ಮುಖ್ಯ ಸಂಪತ್ತು ಉಂಡೆಕೊಬ್ಬರಿ. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿಯೇ ಅಟ್ಟದ ಮೇಲೆ ಕೂಡಿಟ್ಟು, ಹೆಚ್ಚುಕಡಮೆ ಒಂದು ವರ್ಷ ಕಾಲ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಅಲುಗಿಸಿದರೆ ಒಳಗೆ ಗುಂಡು ಉರುಳಿದಂತೆ ಸದ್ದಾಗುವ ತನಕ ಅದನ್ನು ಮುಟ್ಟುವಂತಿಲ್ಲ. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಪೆಟ್ಟಾಗದಂತೆ ಚಿಪ್ಪನ್ನು ಒಡೆದು ತೆಗೆಯಬೇಕು. ಸುಲಿಯುವ ಗಂಡಾಳು, ಚಿಪ್ಪು ಬಿಡಿಸುವ ಹೆಣ್ಣಾಳು, ಅಟ್ಟದ ಕೆಳಗೆ ವರ್ಷವಿಡೀ ಬಾಳುವೆ ನಡೆಸಿದ ಮನೆಯವರು, ಇವರೆಲ್ಲರ ಬೆವರೂ ಸೇರಿ ಒಂದು ಚೀಲ ಕೊಬ್ಬರಿಯಾಗುತ್ತದೆ. ಮಗಳ ಮದುವೆ, ಮಗನ ಓದು, ಸೊಸೈಟಿಯ ಸಾಲ, ಬತ್ತಿದ ಕೊಳವೆಬಾವಿಯ ಮರುಕೊರೆತ, ಎಲ್ಲವೂ ಆ ಚೀಲಗಳನ್ನೇ ನಂಬಿಕೊಂಡಿರುತ್ತವೆ.

ಹೀಗೆ ಒಂದು ವರ್ಷದ ತಾಳ್ಮೆಯ ಫಲವು ಮಂಡಿಗೆ ಬಂದಾಗ, ಅದರ ಬೆಲೆ ನಿರ್ಣಯವಾಗುವುದು ಕೆಲವೇ ನಿಮಿಷಗಳಲ್ಲಿ. ಹಿಂದಿನ ಕಾಲದ ಕೆಲವು ಸಂತೆಗಳಲ್ಲಿ ದಲ್ಲಾಳಿಯೂ ವರ್ತಕನೂ ಒಂದು ವಸ್ತ್ರದ ಮರೆಯಲ್ಲಿ ಕೈಬೆರಳುಗಳನ್ನು ಹಿಡಿದು ಬೆಲೆ ಹೇಳಿಕೊಳ್ಳುತ್ತಿದ್ದರು. ಸರಕಿನ ಒಡೆಯನಾದ ರೈತನು ಪಕ್ಕದಲ್ಲಿಯೇ ನಿಂತಿದ್ದರೂ, ಆ ವಸ್ತ್ರದೊಳಗಿನ ಮಾತು ಅವನಿಗೆ ತಿಳಿಯುತ್ತಿರಲಿಲ್ಲ. ಈ ಬಗೆಯ ಮರೆಯನ್ನು ತೆಗೆಯಬೇಕೆಂಬ ಉದ್ದೇಶದಿಂದಲೇ 2014ರಲ್ಲಿ ಕರ್ನಾಟಕ ಸರ್ಕಾರವು ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳು ಎಂಬ ಸಂಸ್ಥೆಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಅದಾದ ಎರಡು ವರ್ಷಗಳ ತರುವಾಯ, 2016ರ ಏಪ್ರಿಲಿನಲ್ಲಿ, ಇದೇ ಧ್ಯೇಯದ ಇ-ನಾಮ್ ಎಂಬ ವೇದಿಕೆಯು ಅಖಿಲ ಭಾರತ ಮಟ್ಟದಲ್ಲಿ ಪ್ರಾರಂಭವಾಯಿತು. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಟೆಂಡರು ಕಂಪ್ಯೂಟರಿನ ಮೂಲಕ ನಡೆಯುವಂತಾದುದು ಈ ಪರಿವರ್ತನೆಯ ಫಲ.

ಅದರ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ರೈತನು ತಂದ ಸರಕು ಲೆಕ್ಕಕ್ಕೆ ಸೇರಿ, ರಾಶಿಗೆ ಒಂದು ಸಂಖ್ಯೆ ಬೀಳುತ್ತದೆ. ಕೊಳ್ಳುವ ವರ್ತಕರು ರಾಶಿಯನ್ನು ಕಣ್ಣಾರೆ ನೋಡಿ, ತಾವು ಕೊಡಬಹುದಾದ ಬೆಲೆಯನ್ನು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ನಮೂದಿಸುತ್ತಾರೆ. ಒಬ್ಬನು ಬರೆದ ಬೆಲೆ ಮತ್ತೊಬ್ಬನಿಗೆ ಕಾಣಿಸದು. ಗೊತ್ತಾದ ವೇಳೆಗೆ ಬಾಗಿಲು ಮುಚ್ಚಿದಂತೆ ಟೆಂಡರು ಮುಚ್ಚುತ್ತದೆ. ಅತಿ ಹೆಚ್ಚಿನ ಬೆಲೆ ಯಾರದೆಂಬುದು ಆಗ ಹೊರಬೀಳುತ್ತದೆ. ಆ ಬೆಲೆ ಒಪ್ಪಿಗೆಯಾದರೆ ರೈತನು ಕೊಡಬಹುದು, ಒಪ್ಪದಿದ್ದರೆ ನಿರಾಕರಿಸಲೂಬಹುದು. ಆಮೇಲೆ ತೂಕ, ಆಮೇಲೆ ಹಣ. ವಸ್ತ್ರದ ಮರೆಯ ಬೆರಳಿಗಿಂತ ಇದು ಎಷ್ಟೋ ಮೇಲೆಂಬುದರಲ್ಲಿ ಸಂಶಯವಿಲ್ಲ. ಅಲ್ಲಿ ರೈತನಿಂದ ಬೆಲೆಯನ್ನು ಮರೆಮಾಡಲಾಗುತ್ತಿತ್ತು. ಇಲ್ಲಿ ವರ್ತಕ ವರ್ತಕರೊಳಗೆ ಬೆಲೆಯು ಮರೆಯಾಗಿದ್ದು ರೈತನಿಗೆ ಅನುಕೂಲವಾಗುತ್ತದೆ. ಮರೆಯೆಂಬುದು ಎರಡೂ ಕಡೆ ಉಂಟು. ಅದು ಯಾರ ಹಿತಕ್ಕಾಗಿ ಇದೆಯೆಂಬುದರಲ್ಲಿಯೇ ಧರ್ಮಾಧರ್ಮಗಳ ಭೇದವಿದೆ.

ಇಷ್ಟಾದ ಮೇಲೂ ಒಂದು ಶಂಕೆಯು ಉಳಿಯುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ವೃದ್ಧಮಾತೆಯನ್ನು ಕಲ್ಪಿಸಿಕೊಳ್ಳಬಹುದು. ಗಂಡನು ತೀರಿಕೊಂಡಿದ್ದಾನೆ, ಮಗನು ಬೆಂಗಳೂರಿನಲ್ಲಿದ್ದಾನೆ. ಹತ್ತು ಚೀಲ ಕೊಬ್ಬರಿ ತಂದಿದ್ದಾಳೆ. ಬೆಲೆಯ ಸಂದೇಶವು ಮೊಬೈಲಿಗೆ ಬರಬೇಕು. ಆದರೆ ದಾಖಲೆಯಲ್ಲಿರುವುದು ಆಕೆಯ ನಂಬರಲ್ಲ, ಬರೆಯಬಲ್ಲ ಇನ್ನಾರದೋ ನಂಬರು. “ಏನಪ್ಪಾ, ಎಷ್ಟಕ್ಕೆ ಹೋಯಿತು?” ಎಂದು ಆಕೆ ಕೇಳುತ್ತಾಳೆ. “ಕಂಪ್ಯೂಟರಿನಲ್ಲಿ ಬಂದದ್ದು ಇಷ್ಟೇ ಕಣಜ್ಜಿ, ನಮ್ಮ ಕೈಯಲ್ಲೇನಿದೆ?” ಎಂದು ಉತ್ತರ ಬರುತ್ತದೆ. ಉತ್ತರ ಹೇಳಿದವನು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಆ ಒಂದು ಮಾತಿನಲ್ಲಿ ಹೊಣೆಯೆಂಬುದು ಎಲ್ಲರ ಕೈಯಿಂದಲೂ ಜಾರಿ, ಯಂತ್ರದ ಮೇಲೆ ಬಿದ್ದುಹೋಗುತ್ತದೆ. ಯಂತ್ರಕ್ಕೆ ಮನಸ್ಸಿಲ್ಲ, ನಾಚಿಕೆಯಿಲ್ಲ, ಪಾಪಪುಣ್ಯಗಳಿಲ್ಲ. ಹಾಗಾದರೆ ಆ ಮುದುಕಿಗೆ ಉತ್ತರ ಕೊಡತಕ್ಕವರು ಯಾರು?

ಈ ಪ್ರಶ್ನೆಗೆ ಉತ್ತರವು ಶರಣರ ಚರಿತ್ರೆಯಲ್ಲಿ ಸಿದ್ಧವಾಗಿದೆ. ನುಲಿಯ ಚಂದಯ್ಯನ ಪ್ರಸಂಗವು ಶೂನ್ಯಸಂಪಾದನೆಯ ಪರಂಪರೆಯಲ್ಲಿ ಪ್ರಸಿದ್ಧವಾದುದು. ಕೆರೆಯಂಚಿನ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಿಣಿ ಕಣ್ಣಿಗಳನ್ನು ಮಾಡಿ ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸುವುದು ಆತನ ಕಾಯಕ. ಒಂದು ದಿನ ಹುಲ್ಲು ಕೊಯ್ಯುತ್ತಿರುವಾಗ ಆತನ ಇಷ್ಟಲಿಂಗವು ಜಾರಿ ನೀರಿಗೆ ಬಿತ್ತು. ಕಾಯಕವನ್ನು ಬಿಟ್ಟು ಲಿಂಗವನ್ನು ಅರಸಲು ಆತನು ಮುಂದಾಗಲಿಲ್ಲ. ಲಿಂಗವೇ ಆತನನ್ನು ಹಿಂಬಾಲಿಸಿತೆಂದೂ, ಆತನು ಅದನ್ನು ಒಲ್ಲೆನೆಂದನೆಂದೂ, ಕಡೆಗೆ ಮಡಿವಾಳ ಮಾಚಯ್ಯನು ನಡುವೆ ಬಂದು ಸಮಾಧಾನ ಹೇಳಿದನೆಂದೂ ಶರಣರು ಹೇಳುತ್ತ ಬಂದಿದ್ದಾರೆ. ಆಗ ಚಂದಯ್ಯನು ಒಡ್ಡಿದ ಕಟ್ಟಳೆಯು ಅದ್ಭುತವಾದುದು: ಜೊತೆಯಲ್ಲಿರುವುದಾದರೆ ಲಿಂಗವೂ ಕಾಯಕ ಮಾಡಬೇಕು, ಹಗ್ಗವನ್ನು ಹೊತ್ತು ಮಾರಿಬರಬೇಕು.

ಲಿಂಗವು ಹಗ್ಗವನ್ನು ಬಸವಣ್ಣನವರಿಗೆ ಮಾರಿತು. ಬಸವಣ್ಣನವರು ಭಕ್ತಿಯ ಭರದಲ್ಲಿ ಹಗ್ಗದ ನಿಜಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಹೊನ್ನನ್ನು ಕೊಟ್ಟರು. ಲಿಂಗವು ಹೊನ್ನನ್ನು ತಂದು ಮುಂದಿಟ್ಟಾಗ ಚಂದಯ್ಯನು ಸಂತೋಷಪಡಲಿಲ್ಲ. ಹಗ್ಗಕ್ಕೆ ಸಲ್ಲತಕ್ಕ ಬೆಲೆ ಇಷ್ಟು. ಅದಕ್ಕಿಂತ ಹೆಚ್ಚಾದುದು ಕಾಯಕದ ಹಣವಲ್ಲ. ಅದರಿಂದ ಮಾಡಿದ ದಾಸೋಹವು ಜಂಗಮಕ್ಕೆ ಅರ್ಪಿತವಾಗದು, ಎಂದು ಆತನು ಖಂಡತುಂಡವಾಗಿ ನಿರಾಕರಿಸಿದನು.

ಈ ಕಥೆಯನ್ನು ಚಂದಯ್ಯನ ಕಾಯಕನಿಷ್ಠೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಇಲ್ಲಿ ಹಗ್ಗ ಹೊಸೆದವನು ಒಬ್ಬ, ಕೊಂಡವನು ಮತ್ತೊಬ್ಬ, ನಡುವೆ ಹೊತ್ತು ಮಾರಿದ ಮಧ್ಯಸ್ಥನು ಮೂರನೆಯವನು. ಆ ಮಧ್ಯಸ್ಥನು ಸಾಮಾನ್ಯನಲ್ಲ, ಸಾಕ್ಷಾತ್ ಲಿಂಗ. ಅಷ್ಟಾದರೂ “ಲಿಂಗವೇ ತಂದುದಲ್ಲವೇ, ಅದರ ಲೆಕ್ಕವನ್ನು ಕೇಳುವುದು ಹೇಗೆ?” ಎಂದು ಚಂದಯ್ಯನು ಸುಮ್ಮನಾಗಲಿಲ್ಲ. ನಡುವೆ ನಿಂತವನು ಎಷ್ಟೇ ದೊಡ್ಡವನಾಗಿರಲಿ, ಬೆಲೆಯು ನ್ಯಾಯವಾಗಿರಬೇಕೆಂಬ ಕಟ್ಟಳೆಯಿಂದ ಅವನಿಗೆ ವಿನಾಯಿತಿ ಇಲ್ಲ. ಲಿಂಗಕ್ಕೇ ಕೊಡದ ವಿನಾಯಿತಿಯನ್ನು ಲೋಹ ಮತ್ತು ವಿದ್ಯುತ್ತುಗಳಿಂದಾದ ಯಂತ್ರಕ್ಕೆ ಕೊಡುವುದು ಯಾವ ನ್ಯಾಯ? “ಕಂಪ್ಯೂಟರಿನಲ್ಲಿ ಬಂದದ್ದು ಇಷ್ಟೇ” ಎಂಬ ಉತ್ತರವನ್ನು ಚಂದಯ್ಯನು ಒಪ್ಪುತ್ತಿದ್ದನೇ? ಎಂದಿಗೂ ಒಪ್ಪುತ್ತಿರಲಿಲ್ಲ.

ಆದುದರಿಂದ ಈ ಕಾಣದ ಸಂತೆಗೆ ಸಂಬಂಧಪಟ್ಟ ಹೊಣೆಯು ಮೂವರಲ್ಲಿ ಹಂಚಿಕೊಂಡಿರುವುದೆಂದು ತಿಳಿಯಬೇಕು. ಮೊದಲನೆಯವರು ಅದನ್ನು ರೂಪಿಸುವವರು, ಎರಡನೆಯವರು ನಡೆಸುವವರು, ಮೂರನೆಯವರು ಬಳಸುವವರು. ಒಬ್ಬೊಬ್ಬರ ಧರ್ಮವನ್ನೂ ಕ್ರಮವಾಗಿ ವಿಚಾರಿಸುವುದು ಯುಕ್ತ.

ರೂಪಿಸುವವರ ಕೆಲಸವು ತಕ್ಕಡಿ ಮಾಡುವ ಕಮ್ಮಾರನ ಕೆಲಸದಂತಿರುತ್ತದೆ. ತೂಗುವವನು ಪ್ರಾಮಾಣಿಕನಾಗಿದ್ದರೂ ತಕ್ಕಡಿಯ ದಂಡವೇ ಒಂದು ಕಡೆಗೆ ವಾಲಿದ್ದರೆ ತೂಕವು ಸುಳ್ಳಾಗುವುದು. ವೇದಿಕೆಯ ವಿನ್ಯಾಸದಲ್ಲಿಯೂ ಹಾಗೆಯೇ. ಬೆಲೆಯನ್ನು ಒಪ್ಪುವ ಗುಂಡಿಯು ದೊಡ್ಡದಾಗಿ ಕಣ್ಣಿಗೆ ಹೊಡೆಯುವಂತಿದ್ದು, ನಿರಾಕರಿಸುವ ದಾರಿಯು ನಾಲ್ಕು ಪುಟಗಳ ಹಿಂದೆ ಅಡಗಿದ್ದರೆ, ರೈತನಿಗೆ ನಿರಾಕರಿಸುವ ಹಕ್ಕುಂಟೆಂದು ಕಾಗದದಲ್ಲಿ ಬರೆದಿರುವುದು ವ್ಯರ್ಥ. ಸಂದೇಶವು ತಿಳಿಯದ ಭಾಷೆಯಲ್ಲಿ ಬಂದರೆ ಬಾರದಿದ್ದಂತೆಯೇ. ಓದಲು ಬಾರದವರಿಗೆ ಧ್ವನಿಯಲ್ಲಿ ಹೇಳುವ ಏರ್ಪಾಡಿಲ್ಲದಿದ್ದರೆ, ಆ ವೇದಿಕೆಯು ಅಕ್ಷರಸ್ಥರಿಗೆ ಮಾತ್ರ ಬಾಗಿಲು ತೆರೆದ ಗುಡಿಯಂತಾಗುವುದು. ದೇಗುಲದ ಬಾಗಿಲು ಮುಚ್ಚಿದ್ದ ಜನರ ಅಂಗೈಗೆ ಇಷ್ಟಲಿಂಗವನ್ನಿತ್ತ ಶರಣರ ಪರಂಪರೆಯವರು ಇಂತಹ ಬಾಗಿಲನ್ನು ಸಹಿಸಕೂಡದು.

ಗಿರಾಕಿಯನ್ನು ಮರುಳುಗೊಳಿಸುವ ವಿನ್ಯಾಸಗಳ ವಿಷಯದಲ್ಲಿ ರಾಜಶಾಸನವೂ ಎಚ್ಚೆತ್ತಿದೆ. ಕೊಳ್ಳದಿದ್ದ ಸರಕನ್ನು ಬುಟ್ಟಿಗೆ ತಾನಾಗಿ ಸೇರಿಸುವುದು, ಇನ್ನೇನು ಮುಗಿದೇಹೋಯಿತೆಂದು ಸುಳ್ಳು ಅವಸರವನ್ನು ಹುಟ್ಟಿಸುವುದು, ಬೇಡವೆಂದವನನ್ನು ನಾಚಿಸುವ ಮಾತನ್ನು ಬರೆಯುವುದು, ಬೆಲೆಯ ಒಂದು ಪಾಲನ್ನು ಕಡೆಯ ತನಕ ಮುಚ್ಚಿಡುವುದು, ಮೊದಲಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸುವ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿತು. ಅದೇ ವರ್ಷ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಬ್ಬನ ವಿವರಗಳನ್ನು ಕೇಳುವಾಗ ಕೊಡುವ ತಿಳಿವಳಿಕೆಯು ಅವನು ಬಯಸಿದಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ, ಎಂದರೆ ಕನ್ನಡದಲ್ಲಿಯೂ, ದೊರೆಯಬೇಕೆಂದು ವಿಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರತಕ್ಕವು. ಶಾಸನವು ದಂಡದ ಭಯದಿಂದ ಮಾಡಿಸುವುದನ್ನು ಕಾಯಕವಂತನು ಲಿಂಗದ ಸಾಕ್ಷಿಯಾಗಿ ತಾನೇ ಮಾಡುವನು. ತೆಂಗಿನ ಸೀಮೆಯ ಮನೆಗಳಿಂದ ಎಷ್ಟೋ ಮಕ್ಕಳು ಓದಿ ಬೆಂಗಳೂರಿಗೆ ಹೋಗಿ ಇದೇ ಉದ್ಯೋಗದಲ್ಲಿದ್ದಾರೆ. ಅವರು ಪ್ರತಿಯೊಂದು ಪುಟವನ್ನು ಬರೆಯುವಾಗಲೂ, ಅಟ್ಟದ ಕೆಳಗೆ ಕುಳಿತ ತಮ್ಮ ಅಜ್ಜಿಯು ಇದನ್ನು ಬಳಸಬಲ್ಲಳೇ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಅದು ಅವರ ಪಾಲಿನ ಲಿಂಗಪೂಜೆಯಾಗುವುದು.

ಇನ್ನು ನಡೆಸುವವರ ಧರ್ಮ. ಇದಕ್ಕೆ ಈ ಸೀಮೆಯು ಮರೆಯದ ಒಂದು ಪಾಠವುಂಟು. 2023ರಲ್ಲಿ ಕೊಬ್ಬರಿಯ ಪೇಟೆಬೆಲೆಯು ಕ್ವಿಂಟಲಿಗೆ 10,000 ರೂಪಾಯಿಗಿಂತಲೂ ಕೆಳಗಿಳಿದು ರೈತರು ಕಂಗೆಟ್ಟಿದ್ದರು. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. ರಾಜ್ಯ ಸರ್ಕಾರವು ಅದರ ಮೇಲೆ 1,500 ರೂಪಾಯಿಗಳ ಪ್ರೋತ್ಸಾಹಧನವನ್ನು ಸೇರಿಸಿತು. ಕರ್ನಾಟಕದಿಂದ 62,500 ಟನ್ ಉಂಡೆಕೊಬ್ಬರಿಯನ್ನು ಕೊಳ್ಳುವುದೆಂದಾಯಿತು. ಕೊಳ್ಳುವ ಪ್ರಮಾಣಕ್ಕೆ ಮಿತಿಯಿದ್ದುದರಿಂದ, ಮೊದಲು ನೋಂದಾಯಿಸಿಕೊಂಡವರಿಗೆ ಮಾತ್ರ ಅವಕಾಶ. ಫೆಬ್ರವರಿಯಲ್ಲಿ ನೋಂದಣಿ ಆರಂಭವಾದ ಕೆಲವೇ ದಿನಗಳಲ್ಲಿ ಆ ಮಿತಿ ಮುಗಿದುಹೋಯಿತು. ನಿಜವಾದ ಬೆಳೆಗಾರರು ಸರದಿಯಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿದರೆಂದೂ, ನೋಂದಣಿಯಲ್ಲಿ ಅಕ್ರಮಗಳು ನಡೆದವೆಂದೂ ದೂರುಗಳೆದ್ದವು. ಸರ್ಕಾರವು ಆ ನೋಂದಣಿಯನ್ನೇ ರದ್ದುಗೊಳಿಸಿತು. ಮಾರ್ಚಿ ತಿಂಗಳಲ್ಲಿ ಹೊಸದಾಗಿ, ರೈತನ ಬೆರಳಚ್ಚನ್ನು ಪಡೆದು, ನೋಂದಣಿ ನಡೆಯಿತು. ಒಂದೇ ಕೆಲಸಕ್ಕಾಗಿ ಜನರು ಎರಡು ಬಾರಿ ಸರದಿಯಲ್ಲಿ ನಿಲ್ಲಬೇಕಾಯಿತು.

ಇಲ್ಲಿ ಯಂತ್ರವು ಹಾಳಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ರೈತನ ಹೆಸರು, ಜಮೀನು, ಬೆಳೆ ಇವುಗಳನ್ನು ಒಂದೆಡೆ ಸೇರಿಸುವ ಫ್ರೂಟ್ಸ್ ಎಂಬ ದಾಖಲೆಯ ವ್ಯವಸ್ಥೆಯು ರಾಜ್ಯದಲ್ಲಿ ಅದಾಗಲೇ ಇದ್ದಿತು. ಕಂಪ್ಯೂಟರು ತನಗೆ ಹೇಳಿದ್ದನ್ನು ಬರೆದುಕೊಂಡಿತು. ಆದರೆ ಯಾರು ಬರೆಯಿಸುತ್ತಿದ್ದಾರೆ, ಯಾವಾಗ ಬರೆಯಿಸುತ್ತಿದ್ದಾರೆ, ಯಾರ ಸಾಕ್ಷಿಯಾಗಿ ಬರೆಯಿಸುತ್ತಿದ್ದಾರೆ, ಎಂಬುದನ್ನು ನೋಡತಕ್ಕವರು ಮನುಷ್ಯರು. ಮೊದಲು ಬಂದವನಿಗೆ ಮೊದಲ ಪಾಲು ಎಂಬ ನಿಯಮವು ಮೇಲ್ನೋಟಕ್ಕೆ ಸಮನೆಂದು ತೋರುತ್ತದೆ. ಆದರೆ ಪೇಟೆಯಲ್ಲಿಯೇ ಮನೆಯುಳ್ಳವನೂ, ಇಪ್ಪತ್ತು ಮೈಲಿ ದೂರದಿಂದ ಮೊದಲ ಬಸ್ಸನ್ನು ಕಾದು ಬರುವವನೂ ಒಂದೇ ಗೆರೆಯಿಂದ ಓಟವನ್ನು ಆರಂಭಿಸುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಬಾಗಿಲ ಬಳಿಯವರಿಗೆ ಎರಡೆರಡು ಸಾರಿ ಬಡಿಸಿ, ಕಡೆಯ ಸಾಲಿಗೆ ಬರುವಾಗ ಪಾತ್ರೆ ಬರಿದಾಯಿತೆಂದರೆ ಅದು ದಾಸೋಹವಾಗದು. ಅನ್ನವು ಮಿತವಾಗಿದ್ದರೆ ಕಡೆಯ ಎಲೆಯನ್ನು ಮೊದಲು ಎಣಿಸಿಕೊಂಡು ಬಡಿಸಬೇಕು. ಮಠದ ಪ್ರಸಾದನಿಲಯದಲ್ಲಿ ಬೆಳೆದ ಯಾವ ಹುಡುಗನಿಗಾದರೂ ಈ ಲೆಕ್ಕವು ತಿಳಿದೇ ಇರುತ್ತದೆ. ವೇದಿಕೆಗಳನ್ನು ನಡೆಸುವ ಅಧಿಕಾರಿಗಳಿಗೂ ಸಂಸ್ಥೆಗಳಿಗೂ ಇದಕ್ಕಿಂತ ಬೇರೆ ಸೂತ್ರವೇನೂ ಬೇಕಾಗಿಲ್ಲ.

ಆದರೂ ನಡೆಸಿದವರ ಪಕ್ಷದಲ್ಲಿ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. ತಪ್ಪಾಗಿದೆಯೆಂಬ ದೂರು ಬಂದಾಗ, ಯಂತ್ರವು ಒಮ್ಮೆ ಬರೆದದ್ದು ಶಿಲಾಶಾಸನವೆಂದು ಹಟ ಹಿಡಿಯದೆ, ಅದನ್ನು ಅಳಿಸಿ ಮತ್ತೆ ಬರೆಯುವ ನಿರ್ಧಾರವಾಯಿತಲ್ಲವೇ? ಅದು ಸಣ್ಣ ಮಾತಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನದ ಮೇಲೆ ಕುಳಿತಿದ್ದರೂ, ಕೆಳಗೆ ಕುಳಿತ ಶರಣರು ಎದ್ದು ಪ್ರಶ್ನಿಸುತ್ತಿದ್ದರು. ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಪ್ರಶ್ನಿಸಲು ಅವಕಾಶವಿಲ್ಲದ ಪೀಠವು ಶರಣರ ಪೀಠವಲ್ಲ. ಹಾಗೆಯೇ ದೂರು ಹೇಳಲು ಮನುಷ್ಯನ ಕಿವಿಯೊಂದಿಲ್ಲದ ವೇದಿಕೆಯು, ಎಷ್ಟೇ ವೇಗವಾಗಿದ್ದರೂ, ನ್ಯಾಯದ ವೇದಿಕೆಯೆನಿಸಲಾರದು. ಪ್ರತಿಯೊಂದು ಕಾಣದ ಸಂತೆಯ ಬಾಗಿಲಲ್ಲಿಯೂ ಹೆಸರುಳ್ಳ, ಮುಖವುಳ್ಳ, ಉತ್ತರ ಕೊಡಬಲ್ಲ ಒಬ್ಬ ಮನುಷ್ಯನು ಕುಳಿತಿರಬೇಕು.

ಮೂರನೆಯದಾಗಿ ಬಳಸುವವರ ಧರ್ಮ. ದೋಷವನ್ನೆಲ್ಲ ರೂಪಿಸಿದವರ ಮೇಲೆಯೂ ನಡೆಸಿದವರ ಮೇಲೆಯೂ ಹೊರಿಸಿ ಬಳಸುವವನು ನಿರ್ದೋಷಿಯಾಗುವಂತಿಲ್ಲ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪು ಬರುತ್ತದೆ. ಮಾರಯ್ಯನು ದಿನದ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿಯು ಸಂತೋಷಪಡುವುದಕ್ಕೆ ಬದಲಾಗಿ, ಆಸೆಯು ಎಲ್ಲಿಂದ ಬಂದಿತೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದುಬರುವಂತೆ ಕಳುಹಿಸಿದಳು. ಇಂದು ಮೊಬೈಲಿನ ಮೂಲಕ ನಡೆಯುವ ಮೋಸಗಳಲ್ಲಿ ಬಹುಭಾಗವು ಆಸೆ ಮತ್ತು ಭಯ ಎಂಬ ಎರಡು ಬಾಗಿಲುಗಳಿಂದಲೇ ಒಳಕ್ಕೆ ಬರುತ್ತದೆ. ಹಣವು ಹತ್ತು ದಿನದಲ್ಲಿ ಇಮ್ಮಡಿಯಾಗುವುದೆಂದು ಒಬ್ಬನು ಆಸೆ ಹುಟ್ಟಿಸುತ್ತಾನೆ. ಬ್ಯಾಂಕಿನ ಖಾತೆಯು ಇಂದೇ ಮುಚ್ಚಿಹೋಗುವುದೆಂದು ಮತ್ತೊಬ್ಬನು ಹೆದರಿಸುತ್ತಾನೆ. ಇಬ್ಬರೂ ಕೇಳುವುದು ಓಟಿಪಿ ಎಂಬ ಗುಟ್ಟಿನ ಅಂಕಿಯನ್ನು. ಮನೆಯಲ್ಲಿ ಒಬ್ಬ ಲಕ್ಕಮ್ಮನಿದ್ದು, ದುಡಿಯದೆ ಬರುವ ಈ ಹಣವು ಎಲ್ಲಿಯದೆಂದು ಕೇಳಿದರೆ ಮೊದಲನೆಯ ಬಾಗಿಲು ಮುಚ್ಚುವುದು. ನಿಜವಾದ ಯಾವ ಬ್ಯಾಂಕೂ ದೂರವಾಣಿಯಲ್ಲಿ ಆ ಅಂಕಿಯನ್ನು ಕೇಳುವುದಿಲ್ಲವೆಂಬ ಅರಿವಿದ್ದರೆ ಎರಡನೆಯ ಬಾಗಿಲೂ ಮುಚ್ಚುವುದು. ಹಾಗೂ ಮೋಸಹೋದವರು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳದೆ, ತಡಮಾಡದೆ 1930 ಎಂಬ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವವು ಹೆಚ್ಚು. ಮೋಸಹೋದವನನ್ನು ಹಾಸ್ಯಮಾಡುವ ನೆರೆಹೊರೆಯು ಮೋಸಗಾರನಿಗೆ ಪರೋಕ್ಷವಾಗಿ ನೆರವಾದಂತೆ.

ಸುದ್ದಿಯನ್ನು ಹರಡುವ ವಿಷಯದಲ್ಲಿಯೂ ಹೀಗೆಯೇ ಎಚ್ಚರವು ಬೇಕು. 2023ರಲ್ಲಿ ನೆಲಕಚ್ಚಿದ್ದ ಕೊಬ್ಬರಿಯ ಬೆಲೆಯು 2025ರಲ್ಲಿ ಕ್ವಿಂಟಲಿಗೆ 20,000 ರೂಪಾಯಿಗಳನ್ನು ದಾಟಿತು. ಇಂತಹ ಏರಿಳಿತದ ಕಾಲದಲ್ಲಿ, ನಾಳೆ ಬೆಲೆ ಬೀಳುವುದೆಂದು ಯಾರೋ ಹೆಸರಿಲ್ಲದವನು ಬರೆದ ಒಂದು ಸಾಲು, ಸಾಲಗಾರನಾದ ರೈತನನ್ನು ಅವಸರದ ಮಾರಾಟಕ್ಕೆ ತಳ್ಳಬಲ್ಲದು. ಇನ್ನೂ ಏರುವುದೆಂಬ ಸಾಲು, ಅಟ್ಟದ ಮೇಲಿನ ಕೊಬ್ಬರಿಯನ್ನು ಹುಳಕ್ಕೆ ಬಿಡುವಂತೆ ಮಾಡಬಲ್ಲದು. ಬಂದ ಸುದ್ದಿಯನ್ನು ಒಂದು ಬೆರಳಿನಿಂದ ನೂರು ಜನರಿಗೆ ದಾಟಿಸುವವನು ಆ ನಷ್ಟದಲ್ಲಿ ಪಾಲುದಾರನಲ್ಲವೇ?

ಇದಕ್ಕೆ ಶರಣರು ಕಂಡುಕೊಂಡ ಉಪಾಯವನ್ನು ನೋಡಿರಿ. ಪ್ರತಿಯೊಂದು ವಚನಕ್ಕೂ ಕಡೆಯಲ್ಲಿ ಅಂಕಿತವುಂಟು. ಬಸವಣ್ಣನವರದು ಕೂಡಲಸಂಗಮದೇವ, ಪ್ರಭುದೇವರದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಚಂದಯ್ಯನದು ಚಂದೇಶ್ವರಲಿಂಗ. ಅಂಕಿತವು ಬರಿಯ ರುಜುವಲ್ಲ. ಆಡಿದ ಮಾತಿಗೆ ತನ್ನ ಆರಾಧ್ಯದೈವವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಪ್ರತಿಜ್ಞೆ. ದೈವವು ಕೇಳುತ್ತಿದೆಯೆಂದು ತಿಳಿದವನು ಸುಳ್ಳಾಡುವನೇ? ಇಂದು ಬಸವಣ್ಣನವರ ಹೆಸರಿನಲ್ಲಿಯೇ ಅವರಾಡದ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತವೆ. ಅದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಅರಸಿ ಕೂಡಿಸಿದ ಕಾಲದಿಂದ ಬೆಳೆದುಬಂದ ವಚನಭಂಡಾರವು ಇಂದು ವಚನ ಸಂಚಯವೆಂಬ ಅಂತರ್ಜಾಲ ತಾಣದಲ್ಲಿ, ಪದವೊಂದನ್ನು ಕೊಟ್ಟು ಹುಡುಕುವಂತೆ, ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಹುಡುಕಿ ನೋಡದೆ ಶರಣರ ಹೆಸರನ್ನು ಬಳಸುವುದು ಭಕ್ತಿಯಲ್ಲ, ಅಪಚಾರ. ಸಾಮಾನ್ಯ ಸುದ್ದಿಗೂ ಇದೇ ಒರೆಗಲ್ಲು. ತನ್ನ ಅಂಕಿತವನ್ನು ಹಾಕಲು ಯಾವ ಮಾತಿಗೆ ಮನಸ್ಸು ಅಳುಕುವುದೋ ಆ ಮಾತನ್ನು ಮುಂದಕ್ಕೆ ಕಳುಹಿಸಕೂಡದು.

ಇದನ್ನೆಲ್ಲ ಕೇಳಿದ ಕೆಲವು ಹಿರಿಯರು, ಇಷ್ಟು ತೊಡಕಿನ ವಸ್ತುವನ್ನು ಮುಟ್ಟದಿರುವುದೇ ಲೇಸೆಂದು ಹೇಳಬಹುದು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಎವೆಯಿಕ್ಕದೆ ನೋಡತಕ್ಕ ಮುಂಜಾವಿನಲ್ಲಿ, ಅದೇ ಅಂಗೈಯಲ್ಲಿ ಮೊಬೈಲು ಕುಳಿತು ದೃಷ್ಟಿಯನ್ನೆಲ್ಲ ಕುಡಿದುಬಿಡುವುದು ಅನೇಕ ಮನೆಗಳಲ್ಲಿ ಕಾಣುವ ನೋಟ. ಕೊನೆಯೇ ಇಲ್ಲದಂತೆ ಉರುಳುವ ಆ ಹಾಳೆಯನ್ನು ಹಾಗೆ ರೂಪಿಸಿರುವುದು ಆಕಸ್ಮಿಕವಲ್ಲ. ನೋಡುವವನ ವೇಳೆಯೇ ಅಲ್ಲಿ ಮಾರಾಟದ ಸರಕು. ಆದರೆ ಶರಣರು ಸಂಸಾರದಲ್ಲಿ ತೊಡಕಿದೆಯೆಂದು ಸಂಸಾರವನ್ನು ಬಿಟ್ಟು ಓಡಲಿಲ್ಲ. ಈ ಸೀಮೆಗೆ ನೆರೆಯ ಕಗ್ಗೆರೆಯ ತೋಟದಲ್ಲಿ ತಪಗೈದು ಎಡೆಯೂರಿನಲ್ಲಿ ಬಯಲಾದ ತೋಂಟದ ಸಿದ್ಧಲಿಂಗ ಯತಿಗಳು, ತೋಟದ ಹೆಸರನ್ನೇ ತಮ್ಮ ಹೆಸರಿನೊಡನೆ ಹೊತ್ತು, ವಚನಪರಂಪರೆಯನ್ನು ಮತ್ತೆ ಚಿಗುರಿಸಿದರು. ತೋಟವೆಂದ ಮೇಲೆ ಕಳೆಯೂ ಉಂಟು, ಹುಳುವೂ ಉಂಟು. ಅದಕ್ಕಾಗಿ ತೋಟವನ್ನು ಬೀಳುಬಿಡುವವನು ಒಕ್ಕಲಿಗನಲ್ಲ. ಪೂಜೆಯ ವೇಳೆಗೆ, ಊಟದ ವೇಳೆಗೆ, ಮಕ್ಕಳ ಪಾಠದ ವೇಳೆಗೆ ಮೊಬೈಲನ್ನು ಗೂಡಿನಲ್ಲಿಟ್ಟು ಬರುವ ನೇಮವನ್ನು ಮನೆಯ ಯಜಮಾನನೇ ಮೊದಲು ಹಿಡಿಯಲಿ. ಮಕ್ಕಳು ತಾವಾಗಿ ಕಲಿಯುವರು.

ಕಡೆಗೆ ಮಂಡಿಯ ಅಂಗಳದಲ್ಲಿ ನಿಂತ ಆ ವೃದ್ಧಮಾತೆಯ ಬಳಿಗೆ ಹಿಂದಿರುಗಬೇಕು. ಆಕೆಯ ಪ್ರಶ್ನೆಗೆ ಉತ್ತರ ಕೊಡತಕ್ಕವರು ಯಾರೆಂಬುದು ಈಗ ಸ್ಪಷ್ಟವಾಗಿದೆ. ಆಕೆಯ ಭಾಷೆಯಲ್ಲಿ, ಆಕೆಯ ನಂಬರಿಗೆ ಸಂದೇಶವು ಹೋಗುವಂತೆ ಕಟ್ಟುವುದು ರೂಪಿಸುವವನ ಕಾಯಕ. ಕೇಳಿದಾಗ ರಾಶಿಯ ಸಂಖ್ಯೆಯನ್ನೂ ಬೆಲೆಗಳನ್ನೂ ತೆರೆದು ತೋರಿಸಿ, ಒಪ್ಪುವ ಇಲ್ಲವೆ ನಿರಾಕರಿಸುವ ಹಕ್ಕು ಆಕೆಯದೆಂದು ಬಾಯಿಬಿಟ್ಟು ಹೇಳುವುದು ನಡೆಸುವವನ ಕಾಯಕ. ಊರಿನ ಓದುಬಲ್ಲ ಹುಡುಗನೊಬ್ಬನು ಆಕೆಯ ಪಕ್ಕದಲ್ಲಿ ನಿಂತು, “ಅಜ್ಜಿ, ನಿಮ್ಮ ಕೊಬ್ಬರಿಗೆ ಬಂದ ಬೆಲೆ ಇಷ್ಟು, ಕೊಡುವುದೂ ಬಿಡುವುದೂ ನಿಮ್ಮ ಇಷ್ಟ” ಎಂದು ಓದಿ ಹೇಳಿದರೆ, ಅದು ಬಳಸಬಲ್ಲವನ ದಾಸೋಹ. ಅಕ್ಷರವೂ ಒಂದು ಪ್ರಸಾದವೇ. ಅದನ್ನು ಒಬ್ಬನೇ ಉಣ್ಣುವುದು ಶರಣಧರ್ಮಕ್ಕೆ ಸಲ್ಲದು. ಮಠದ ಶಾಲೆಗಳಲ್ಲಿ ಕಲಿಯುವ ಬಾಲಕರು ಮಾರಾಟದ ದಿನ ಒಂದು ಗಳಿಗೆ ಈ ಸೇವೆಯನ್ನು ಮಾಡಿದರೆ, ಕಾಯಕತತ್ತ್ವದ ಪಾಠವು ಪುಸ್ತಕದಿಂದ ಬದುಕಿಗೆ ಇಳಿಯುವುದು.

ಹುಲ್ಲಿನ ಹಗ್ಗವಾಗಲಿ, ಅಟ್ಟದ ಕೊಬ್ಬರಿಯಾಗಲಿ, ಅದರ ಹಿಂದೆ ಒಂದು ಜೀವದ ಬೆವರುಂಟು. ಆ ಬೆವರಿಗೆ ನ್ಯಾಯವಾಗಿ ಸಲ್ಲತಕ್ಕದ್ದು ಸಲ್ಲಲಿ. ಅದಕ್ಕಿಂತ ಕಡಮೆಯಾಗುವುದೂ ಬೇಡ, ಮೋಸದಿಂದ ಹೆಚ್ಚಾಗುವುದೂ ಬೇಡ. ನಡುವೆ ನಿಂತುದು ಲಿಂಗವಾದರೂ ಲೆಕ್ಕ ಕೇಳಿದ ಚಂದಯ್ಯನ ಧೈರ್ಯವು, ನಡುವೆ ನಿಂತುದು ಯಂತ್ರವಾದಾಗ ಎಲ್ಲರಿಗೂ ಬರಲಿ. ಲೆಕ್ಕ ಕೊಡುವ ಪ್ರಾಮಾಣಿಕತೆಯು ಅದನ್ನು ಕಟ್ಟುವವರಿಗೂ ನಡೆಸುವವರಿಗೂ ಲಭಿಸಲಿ. ಕಲ್ಪತರುವಿನ ನೆರಳಿನಲ್ಲಿ ಬಾಳುವ ಸಕಲರಿಗೂ ಸನ್ಮಂಗಳವಾಗಲಿ.